ಸಾರಾಂಶದಿಂದ ಸ್ವಾರಸ್ಯಕ್ಕೆ: ಅಮೆರಿಕದ ಆನರ್ಸ್ ಇಂಗ್ಲಿಷ್ ತರಗತಿಯಲ್ಲಿ ಓದು, ಬರಹ

ಅಮೆರಿಕದ ಹೈಸ್ಕೂಲಿನಲ್ಲಿ ಆನರ್ಸ್ ಇಂಗ್ಲಿಷ್ (ಸಾಮಾನ್ಯ ತರಗತಿಗಿಂತ ಕಠಿಣ ಮಟ್ಟದ್ದು) ತೆಗೆದುಕೊಂಡ ಮಗು ವರ್ಷದ ಮೊದಲ ಪ್ರಬಂಧವನ್ನು ಮನೆಗೆ ತಂದ ದಿನ ಹಲವು ಕನ್ನಡ ಮನೆಗಳಲ್ಲಿ ಒಂದೇ ಗೊಂದಲ. ವ್ಯಾಕರಣ ಸರಿಯಿದೆ, ಕತೆ ಪೂರ್ತಿ ಬಂದಿದೆ, ನಾಲ್ಕು ಪುಟ ತುಂಬಿದೆ. ಆದರೂ ಬಿ ಮೈನಸ್. ಅಂಚಿನಲ್ಲಿ ಟೀಚರ್ ಬರೆದದ್ದು ಎರಡೇ ಮಾತು: ಒಂದು ಕಡೆ "ಸಮ್ಮರಿ", ಇನ್ನೊಂದು ಕಡೆ "ಸೋ ವಾಟ್?"

ಕರ್ನಾಟಕದಲ್ಲಿ ಓದಿದ ಅಪ್ಪ ಅಮ್ಮಂದಿರಿಗೆ ಈ ಎರಡು ಮಾತಿನ ಅರ್ಥ ಬೇರೆ ರೂಪದಲ್ಲಿ ಗೊತ್ತೇ ಇದೆ. ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಬರುತ್ತಿದ್ದ "ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ" ನೆನಪಿಸಿಕೊಳ್ಳಿ. ಉತ್ತರಕ್ಕೆ ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ಭಾಗ. ಮೊದಲೆರಡನ್ನು ಬಾಯಿಪಾಠದಿಂದ ಬರೆದು, ಸ್ವಾರಸ್ಯಕ್ಕೆ ಬಂದಾಗ "ಕವಿ ಇಲ್ಲಿ ಸ್ವಾರಸ್ಯಪೂರ್ಣವಾಗಿ ಹೇಳಿದ್ದಾರೆ" ಎಂದು ಒಂದೇ ಸಾಲಿನಲ್ಲಿ ಮುಗಿಸುವುದು ರೂಢಿ. ಆನರ್ಸ್ ಇಂಗ್ಲಿಷ್‌ನಲ್ಲಿ ಅಳತೆ ತಿರುಗುಮುರುಗು. ಆಯ್ಕೆ ಅರ್ಧ ಸಾಲು, ಸಂದರ್ಭ ಒಂದು ಸಾಲು, ಉಳಿದದ್ದೆಲ್ಲ ಸ್ವಾರಸ್ಯ. ಮುಂದೆ ಬರುವ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ಇಂಗ್ಲಿಷ್ ಪರೀಕ್ಷೆಗಳ ರೂಬ್ರಿಕ್, ಅಂದರೆ ಅಂಕ ಕೊಡುವ ಅಳತೆಪಟ್ಟಿ, ನೋಡಿದರೆ ಇದು ಸ್ಪಷ್ಟವಾಗುತ್ತದೆ. ಪ್ರತಿ ಪ್ರಬಂಧಕ್ಕೆ 6 ಅಂಕ. ಥೀಸಿಸ್‌ಗೆ (ಪ್ರಬಂಧದ ಮುಖ್ಯ ವಾದ ಹೇಳುವ ವಾಕ್ಯ) 1, ಆಧಾರ ಮತ್ತು ಅದರ ವಿವರಣೆಗೆ 4, ಚಿಂತನೆಯ ಸೂಕ್ಷ್ಮತೆಗೆ 1. ಒಂಬತ್ತು, ಹತ್ತನೇ ಗ್ರೇಡಿನ ಆನರ್ಸ್ ಟೀಚರುಗಳಲ್ಲಿ ಅನೇಕರು ಇದನ್ನೋ ಇದರ ಸರಳ ರೂಪವನ್ನೋ ಬಳಸುತ್ತಾರೆ. ಕತೆ ಹೇಳಿದ್ದಕ್ಕೆ ಅಲ್ಲಿ ಬೇರೆ ಅಂಕವೇ ಇಲ್ಲ.

ಪುಸ್ತಕ ಕೈಗೆ ಬಂದ ದಿನದಿಂದ ತಿದ್ದಿದ ಪ್ರಬಂಧ ವಾಪಸ್ ಬರುವ ದಿನದವರೆಗೆ ಏನೇನು ಮಾಡಬೇಕು ಎನ್ನುವುದು ಕೆಳಗಿದೆ. ಉದಾಹರಣೆಗೆ ಷೇಕ್ಸ್‌ಪಿಯರನ "ಮ್ಯಾಕ್‌ಬೆತ್" ನಾಟಕ ಇಟ್ಟುಕೊಂಡಿದ್ದೇವೆ. ಹೈಸ್ಕೂಲುಗಳಲ್ಲಿ ಬಹಳ ಕಡೆ ಕಲಿಸುವ ನಾಟಕವಿದು, ಅವನ ದುರಂತ ನಾಟಕಗಳಲ್ಲೇ ಚಿಕ್ಕದು. ಕಾದಂಬರಿ ಕೊಟ್ಟಿದ್ದರೂ ಕ್ರಮ ಇದೇ.

ಪುಸ್ತಕ ಕೈಗೆ ಬಂದ ದಿನ

ಮೊದಲು ಆವೃತ್ತಿ ನೋಡಿ. ಮನೆಯಲ್ಲಿರುವ ಹಳೆಯ ಪ್ರತಿ, ಲೈಬ್ರರಿಯ ಪ್ರತಿ, ಆನ್‌ಲೈನ್ ಪ್ರತಿ, ಇವುಗಳಲ್ಲಿ ಸಾಲಿನ ಸಂಖ್ಯೆ ಒಂದೇ ಇರುವುದಿಲ್ಲ. ದೃಶ್ಯದ ವಿಂಗಡಣೆ ಕೂಡ ಕೊನೆಯ ಅಂಕದಲ್ಲಿ ಬೇರೆಬೇರೆ ಇರುತ್ತದೆ. ಒಂದು ಪ್ರತಿಯಲ್ಲಿ ಓದಿ ಇನ್ನೊಂದರ ಸಂಖ್ಯೆ ಬರೆದರೆ, ಟೀಚರ್ ಆ ಸಾಲು ಹುಡುಕಿದಾಗ ಸಿಗುವುದಿಲ್ಲ. ತರಗತಿಯ ಆವೃತ್ತಿಯೇ ಮೇಜಿನ ಮೇಲಿರಲಿ.

ಎರಡನೆಯದು ಲೆಕ್ಕ. ಇಂಥ ನಾಟಕಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಕೊಡುತ್ತಾರೆ. ಟೀಚರ್ ಕೊಟ್ಟ ಓದಿನ ಪಟ್ಟಿಯನ್ನು ಕ್ಯಾಲೆಂಡರಿಗೆ ಇಳಿಸುವಾಗ ಕಾದಂಬರಿಯಾದರೆ ದಿನಕ್ಕೆ 20 ಪುಟ, ಷೇಕ್ಸ್‌ಪಿಯರ್ ಆದರೆ ದಿನಕ್ಕೆ ಒಂದು ದೊಡ್ಡ ದೃಶ್ಯ ಅಥವಾ ಎರಡು ಸಣ್ಣವು, ಹೆಚ್ಚೆಂದರೆ 45 ನಿಮಿಷ. ಭಾನುವಾರ ರಾತ್ರಿ ಒಂದೇ ಸಲ ಎರಡು ಅಂಕ ಓದಿದವರಿಗೆ ಕತೆ ನೆನಪಿರುತ್ತದೆ, ಮಾತು ನೆನಪಿರುವುದಿಲ್ಲ. ಪ್ರಬಂಧಕ್ಕೆ ಬೇಕಾದದ್ದು ಮಾತು.

ಪ್ರಬಂಧದ ಪ್ರಶ್ನೆಯನ್ನು ಕೆಲವು ಟೀಚರುಗಳು ಮೊದಲ ದಿನವೇ ಕೊಡುತ್ತಾರೆ. ಕೊಡದಿದ್ದರೆ "ಯಾವ ವಿಷಯಗಳ ಮೇಲೆ ಗಮನ ಇಟ್ಟು ಓದಲಿ?" ಎಂದು ಮಗುವೇ ಹೋಗಿ ಕೇಳಬಹುದು. ಬಹುತೇಕ ಟೀಚರುಗಳು ಸಂತೋಷದಿಂದ ಹೇಳುತ್ತಾರೆ.

ಕಷ್ಟದ ಇಂಗ್ಲಿಷನ್ನು ಓದುವ ಬಗೆ

ಪ್ರತಿ ದೃಶ್ಯಕ್ಕೂ ಎರಡು ಓದು ಬೇಕು. ಮೊದಲನೆಯದು ಏನಾಯಿತು ಎಂದು ತಿಳಿಯಲು. ಇಲ್ಲಿ ಆಧುನಿಕ ಇಂಗ್ಲಿಷಿನ ಪಕ್ಕಪಠ್ಯವನ್ನೋ ಸ್ಪಾರ್ಕ್‌ನೋಟ್ಸ್‌ನಂಥ ಸಾರಾಂಶವನ್ನೋ ನೋಡಿದರೆ ತಪ್ಪಿಲ್ಲ. ಆದರೆ ಅಲ್ಲಿಗೇ ನಿಂತರೆ ಪ್ರಬಂಧ ಬರೆಯಲು ಕೈಯಲ್ಲಿ ಏನೂ ಇರುವುದಿಲ್ಲ. ಏಕೆಂದರೆ ಸಾರಾಂಶ ಮಾಡುವಾಗ ಮೊದಲು ಬಿದ್ದುಹೋಗುವುದೇ ಲೇಖಕ ಆರಿಸಿದ ಪದ. ಎರಡನೆಯ ಓದು ಮೂಲದಲ್ಲೇ, ಬಾಯಿಬಿಟ್ಟು. ಸಾಲು ಮುಗಿದಲ್ಲಿ ನಿಲ್ಲಬಾರದು, ಅಲ್ಪವಿರಾಮ ಪೂರ್ಣವಿರಾಮ ಇದ್ದಲ್ಲಿ ನಿಲ್ಲಬೇಕು. ಅರ್ಧ ಕಷ್ಟ ಇಷ್ಟರಿಂದಲೇ ಕರಗುತ್ತದೆ. ಇನ್ನರ್ಧ ಪದಗಳ ಅದಲುಬದಲು. ಕರ್ತೃ ಯಾರು, ಕ್ರಿಯಾಪದ ಯಾವುದು ಎಂದು ಹುಡುಕಿ ಗುರುತು ಹಾಕಿದರೆ ವಾಕ್ಯ ನೆಟ್ಟಗಾಗುತ್ತದೆ.

ಕನ್ನಡ ಮಾತಾಡುವ ಮಗುವಿಗೆ ಇಲ್ಲೊಂದು ಅನುಕೂಲವಿದೆ. "ದೌ" ಮತ್ತು "ಯೂ" ಹೆಚ್ಚುಕಡಿಮೆ ನಮ್ಮ "ನೀನು" ಮತ್ತು "ನೀವು". ಒಂದು ಪಾತ್ರ ಇನ್ನೊಂದಕ್ಕೆ ನೀವು ಎನ್ನುತ್ತಿದ್ದದ್ದು ಹಠಾತ್ತನೆ ನೀನು ಎಂದರೆ ಅದು ಸಲುಗೆಯೋ ತಿರಸ್ಕಾರವೋ ಕೋಪವೋ ಎಂದು ಕೇಳಿಕೊಳ್ಳುವುದು ನಮ್ಮ ಕಿವಿಗೆ ಸಹಜ. ಇಂಗ್ಲಿಷ್ ಮಾತ್ರ ಬಲ್ಲ ಸಹಪಾಠಿಗೆ ಇದು ಅಡಿಟಿಪ್ಪಣಿ ಓದಿದರೆ ಮಾತ್ರ ಹೊಳೆಯುವ ವಿಷಯ. ಡಿ.ವಿ.ಜಿ. ಈ ನಾಟಕವನ್ನು ಕನ್ನಡಕ್ಕೆ ತಂದಿದ್ದಾರೆ. ಅಪ್ಪನೋ ಅಮ್ಮನೋ ಅದನ್ನು ಜೊತೆಯಲ್ಲೇ ಓದುತ್ತಿದ್ದರೆ ಊಟದ ಹೊತ್ತಿಗೆ ಮಾತಾಡಲು ಒಳ್ಳೆಯ ವಿಷಯ ಸಿಗುತ್ತದೆ.

ಅಂಚಿನ ಟಿಪ್ಪಣಿ

ಇದಕ್ಕೆ ತರಗತಿಯಲ್ಲಿ ಆನೊಟೇಶನ್ ಎನ್ನುತ್ತಾರೆ, ಹಲವು ಕಡೆ ಇದಕ್ಕೂ ಗ್ರೇಡ್ ಇರುತ್ತದೆ. ಶಾಲೆಯ ಪುಸ್ತಕವಾದರೆ ಅಂಟುಚೀಟಿ, ಸ್ವಂತದ್ದಾದರೆ ಪೆನ್ಸಿಲ್. ಹೈಲೈಟರ್ ಒಂದೇ ಹಿಡಿದು ಕೂತವರ ಪುಟ ಪೂರ್ತಿ ಹಳದಿಯಾಗುತ್ತದೆ, ಎರಡು ವಾರದ ನಂತರ ಯಾಕೆ ಗೆರೆ ಎಳೆದೆ ಎಂದು ಗೊತ್ತಾಗುವುದಿಲ್ಲ. ಪುಟಕ್ಕೆ ಎರಡು ಮೂರು ಟಿಪ್ಪಣಿ ಸಾಕು, ಆದರೆ ಪ್ರತಿಯೊಂದರಲ್ಲೂ ಕನಿಷ್ಠ ನಾಲ್ಕು ಪದ ಇರಬೇಕು. "ಮುಖ್ಯ" ಎಂದು ಬರೆಯುವುದು ಟಿಪ್ಪಣಿಯಲ್ಲ. "ಮತ್ತೆ ಕೈ ತೊಳೆಯುವ ಮಾತು, ಈ ಸಲ ಹೆದರಿ" ಎನ್ನುವುದು ಟಿಪ್ಪಣಿ.

ಏನನ್ನು ಗುರುತಿಸಬೇಕು? ಮರಳಿ ಬರುವ ಪದ ಅಥವಾ ಚಿತ್ರ. ಹಿಂದೆ ಹೇಳಿದ್ದಕ್ಕೆ ವಿರುದ್ಧವಾದ ಮಾತು. ಪಾತ್ರದ ಮಾತಿನ ಧಾಟಿ ಬದಲಾದ ಜಾಗ. ಇಲ್ಲಿ ಯಾಕೆ ಹೀಗೆ ಎನ್ನಿಸುವ ವಿಚಿತ್ರ. ಈ ನಾಲ್ಕರಲ್ಲಿ ಕೊನೆಯದನ್ನು ಮಕ್ಕಳು ಬಿಟ್ಟುಬಿಡುತ್ತಾರೆ, ತಮಗೆ ಅರ್ಥವಾಗಲಿಲ್ಲ ಎಂಬ ನಾಚಿಕೆಯಿಂದ. ಆದರೆ ಒಳ್ಳೆಯ ಥೀಸಿಸ್ ಹೆಚ್ಚಾಗಿ ಹುಟ್ಟುವುದೇ ಅಲ್ಲಿಂದ.

ಎರಡನೇ ಅಂಕದ ಎರಡನೇ ದೃಶ್ಯ ನೋಡಿ. ರಾಜ ಡಂಕನನನ್ನು ಕೊಂದು ಮ್ಯಾಕ್‌ಬೆತ್ ರಕ್ತದ ಕೈಯಲ್ಲಿ ಬರುತ್ತಾನೆ. ಸಮುದ್ರವೆಲ್ಲ ಸೇರಿದರೂ ಈ ಕೈ ತೊಳೆದೀತೇ, ಈ ಕೈಯೇ ಸಮುದ್ರವನ್ನು ಕೆಂಪಾಗಿಸೀತು ಎನ್ನುತ್ತಾನೆ. ಅವನ ಹೆಂಡತಿ ಲೇಡಿ ಮ್ಯಾಕ್‌ಬೆತ್ "ಎ ಲಿಟಲ್ ವಾಟರ್ ಕ್ಲಿಯರ್ಸ್ ಅಸ್ ಆಫ್ ದಿಸ್ ಡೀಡ್" ಎನ್ನುತ್ತಾಳೆ, ಒಂದಿಷ್ಟು ನೀರು ಸಾಕು ಎಂದು. ಈಗ ಐದನೇ ಅಂಕದ ಮೊದಲ ದೃಶ್ಯ. ಅದೇ ಹೆಂಗಸು ನಿದ್ದೆಯಲ್ಲಿ ನಡೆಯುತ್ತ, ಇಲ್ಲದ ರಕ್ತದ ಕಲೆಯನ್ನು ಉಜ್ಜುತ್ತಿದ್ದಾಳೆ. ಅರೇಬಿಯಾದ ಸುಗಂಧವೆಲ್ಲ ಸೇರಿದರೂ "ದಿಸ್ ಲಿಟಲ್ ಹ್ಯಾಂಡ್", ಈ ಪುಟ್ಟ ಕೈಯ ವಾಸನೆ ಹೋಗದು ಎನ್ನುತ್ತಾಳೆ. "ಲಿಟಲ್" ಎಂಬ ಸಣ್ಣ ಪದ ಎರಡೂ ಕಡೆ ಇದೆ. ಅದನ್ನು ಗುರುತಿಸಿದ ಮಗುವಿನ ಪ್ರಬಂಧ ಅರ್ಧ ಬರೆದಾಯಿತು.

ಉದ್ಧರಣೆಗಳ ಪಟ್ಟಿ

ಓದು ಮುಗಿದ ಮೇಲೆ ಕೂಡಲೇ ಬರೆಯಲು ಕೂರಬೇಡಿ. ಟಿಪ್ಪಣಿಗಳನ್ನು ತಿರುವಿ ಒಂದು ಪಟ್ಟಿ ಮಾಡಬೇಕು. ನಾಲ್ಕು ಕಾಲಂ: ಅಂಕ-ದೃಶ್ಯ-ಸಾಲು; ಯಾರು ಯಾರಿಗೆ, ಯಾವಾಗ; ಮೂಲದ ಮಾತು (ಹೆಚ್ಚೆಂದರೆ ಹತ್ತು ಪದ); ನನ್ನ ಕಣ್ಣಿಗೆ ಬಿದ್ದದ್ದು. ಮೂರು ಮುಖ್ಯ ಪ್ಯಾರಾಗಳ ಪ್ರಬಂಧಕ್ಕೆ ಪಟ್ಟಿಯಲ್ಲಿ ಹನ್ನೆರಡು ಇದ್ದರೆ ಕೊನೆಗೆ ಆರೇಳು ಬಳಕೆಯಾಗುತ್ತವೆ. ಕೇವಲ ಆರು ಇದ್ದರೆ ದುರ್ಬಲವಾದವೂ ಒಳಗೆ ನುಸುಳುತ್ತವೆ. ನಾಲ್ಕನೇ ಕಾಲಂ ಖಾಲಿ ಉಳಿದ ಸಾಲನ್ನು ಎಷ್ಟೇ ಪ್ರಸಿದ್ಧವಾಗಿದ್ದರೂ ಕೈಬಿಡಿ. ಅದರ ಬಗ್ಗೆ ಹೇಳಲು ಏನೂ ಇಲ್ಲ ಎಂದೇ ಅರ್ಥ.

ಪ್ರಶ್ನೆಯನ್ನು ಬಿಡಿಸಿ ಥೀಸಿಸ್ ಕಟ್ಟುವುದು

"ನಾಟಕದಲ್ಲಿ ರಕ್ತ ಮತ್ತು ಕೈಗಳ ಚಿತ್ರಗಳ ಮೂಲಕ ಷೇಕ್ಸ್‌ಪಿಯರ್ ಒಂದು ಆಶಯವನ್ನು ಹೇಗೆ ಬೆಳೆಸುತ್ತಾನೆ, ವಿಶ್ಲೇಷಿಸಿ" ಎಂಬ ಪ್ರಶ್ನೆ ಬಂತೆನ್ನಿ. ಇಲ್ಲಿ ಎರಡು ಕೆಲಸವಿದೆ: ಹೇಗೆ, ಮತ್ತು ಯಾವ ಆಶಯಕ್ಕಾಗಿ. ಹೆಚ್ಚಿನವರು ಒಂದನ್ನೇ ಮಾಡುತ್ತಾರೆ. ರಕ್ತ ಎಲ್ಲೆಲ್ಲಿ ಬರುತ್ತದೆ ಎಂದು ಪಟ್ಟಿ ಕೊಡುತ್ತಾರೆ, ಅಥವಾ ಪಾಪಪ್ರಜ್ಞೆಯ ಬಗ್ಗೆ ಉಪನ್ಯಾಸ ಕೊಡುತ್ತಾರೆ.

ಥೀಸಿಸ್ ಮೂರು ಸಲ ಬರೆದರೆ ಮೂರನೆಯದು ಸರಿಹೋಗುತ್ತದೆ. ಮೊದಲನೆಯದು ಹೀಗಿರುತ್ತದೆ: "ನಾಟಕದಲ್ಲಿ ರಕ್ತದ ಚಿತ್ರಗಳು ಬಹಳ ಇವೆ." ಇದು ಸಂಗತಿ, ವಾದವಲ್ಲ. ಎರಡನೆಯದು: "ರಕ್ತವು ಪಾಪಪ್ರಜ್ಞೆಯ ಸಂಕೇತ." ಇದು ನಿಜ, ಆದರೆ ತರಗತಿಯ ಮೂವತ್ತು ಮಂದಿಯೂ ಇದನ್ನೇ ಬರೆಯುತ್ತಾರೆ, ಯಾರೂ ಅಲ್ಲಗಳೆಯಲಾರರು. ಮೂರನೆಯದು: "ಲೇಡಿ ಮ್ಯಾಕ್‌ಬೆತ್ ಮೊದಲು ಅಪರಾಧವನ್ನು ನೀರಿನಿಂದ ತೊಳೆಯಬಹುದಾದ ಕೊಳೆ ಎಂದುಕೊಂಡರೂ, ಕೈಗಳ ಚಿತ್ರ ಮರಳಿ ಬಂದಾಗ ಷೇಕ್ಸ್‌ಪಿಯರ್ ತೋರಿಸುವುದು, ತಪ್ಪನ್ನು ಹಗುರ ಮಾಡಿದ ಮನಸ್ಸೇ ಅದರ ಭಾರಕ್ಕೆ ಹೆಚ್ಚು ಕುಸಿಯುತ್ತದೆ ಎಂದು." ಈಗ ಯಾರಾದರೂ ಎದುರು ಮಾತಾಡಬಹುದು, ಮ್ಯಾಕ್‌ಬೆತ್ ಕೂಡ ಕುಸಿಯಲಿಲ್ಲವೇ ಎಂದು. ಹಾಗೆ ಕೇಳುವ ಅವಕಾಶ ಇದೆ ಎಂದರೆ ಥೀಸಿಸ್‌ನಲ್ಲಿ ವಾದವಿದೆ. "ಆದರೂ" ಎಂಬ ಅರ್ಥ ಕೊಡುವ ಅಂಗವಾಕ್ಯದಿಂದ ಶುರು ಮಾಡುವುದು ಒಳ್ಳೆಯ ಅಭ್ಯಾಸ. ಅದು ವಾದದ ಎರಡೂ ಬದಿಯನ್ನು ಒಂದೇ ವಾಕ್ಯದಲ್ಲಿ ಹಿಡಿಯುತ್ತದೆ.

ನಂತರ ಹೊರನಕ್ಷೆ. ಐದು ಪ್ಯಾರಾದ ಚೌಕಟ್ಟು ಎಂಟನೇ ಗ್ರೇಡಿಗೆ ಸಾಕು, ಇಲ್ಲಿ ಕಡ್ಡಾಯವೇನಲ್ಲ. ಮುಖ್ಯ ಪ್ಯಾರಾ ಎರಡಿರಲಿ ನಾಲ್ಕಿರಲಿ, ಪ್ರತಿಯೊಂದರ ಮೊದಲ ವಾಕ್ಯಗಳನ್ನು ಮಾತ್ರ ಒಂದರ ಕೆಳಗೊಂದು ಬರೆದು ಓದಿ. ಅವಷ್ಟರಿಂದಲೇ ವಾದ ತಿಳಿಯಬೇಕು. "ಎರಡನೇ ಅಂಕದಲ್ಲಿ...", "ಮೂರನೇ ಅಂಕದಲ್ಲಿ..." ಎಂದು ಶುರುವಾಗುತ್ತಿದ್ದರೆ ಅದು ಕತೆಯ ಕ್ರಮ, ವಾದದ ಕ್ರಮವಲ್ಲ. ಸಾರಾಂಶದ ಚಟ ಒಳಗೆ ಬರುವ ಬಾಗಿಲೇ ಇದು.

ಪ್ಯಾರಾ: ಸ್ವಾರಸ್ಯ ಬರೆಯುವ ಜಾಗ

ಒಂದು ಮುಖ್ಯ ಪ್ಯಾರಾದಲ್ಲಿ 8 ರಿಂದ 11 ವಾಕ್ಯ, ಸುಮಾರು 180 ರಿಂದ 250 ಪದ. ಹಲವು ಶಾಲೆಗಳಲ್ಲಿ ಕಲಿಸುವ ಅಳತೆ ಇದು: ಪುಸ್ತಕದಿಂದ ತಂದ ಒಂದು ಆಧಾರಕ್ಕೆ ಕನಿಷ್ಠ ಎರಡು ವಾಕ್ಯ ನಿಮ್ಮ ವಿವರಣೆ. ಆನರ್ಸ್‌ನಲ್ಲಿ ಮೂರು ಬರೆದರೆ ಒಳ್ಳೆಯದು. ಆ ಎರಡು ಮೂರು ವಾಕ್ಯಗಳಲ್ಲಿ ಏನು ಬರೆಯಬೇಕು ಎಂದು ತಿಳಿಯದೆ ಮಕ್ಕಳು ಅದೇ ಉದ್ಧರಣೆಯನ್ನು ಬೇರೆ ಪದಗಳಲ್ಲಿ ಮತ್ತೆ ಹೇಳುತ್ತಾರೆ. ಟೀಚರ್ "ಸಮ್ಮರಿ" ಎಂದು ಬರೆಯುವುದು ಅಲ್ಲಿಯೇ.

ಹೀಗೆ ಬರೆದದ್ದು ನೋಡಿ. "ಲೇಡಿ ಮ್ಯಾಕ್‌ಬೆತ್ ಒಂದಿಷ್ಟು ನೀರು ನಮ್ಮನ್ನು ಈ ಕೃತ್ಯದಿಂದ ಮುಕ್ತಗೊಳಿಸುತ್ತದೆ ಎನ್ನುತ್ತಾಳೆ. ನೀರಿನಿಂದ ರಕ್ತ ಹೋಗುತ್ತದೆ ಎಂದು ಅವಳು ನಂಬಿದ್ದಾಳೆ ಎಂದು ಇದು ತೋರಿಸುತ್ತದೆ. ಆಮೇಲೆ ಅವಳಿಗೆ ಪಾಪಪ್ರಜ್ಞೆ ಕಾಡುತ್ತದೆ." ಮೂರೂ ವಾಕ್ಯ ಕತೆಯ ಒಳಗೇ ಇವೆ.

ಇದನ್ನು ತಿದ್ದಲು ಉದ್ಧರಣೆಯ ಒಂದು ಪದವನ್ನು ಕೈಗೆತ್ತಿಕೊಂಡು ಮೂರು ಪ್ರಶ್ನೆ ಕೇಳಬೇಕು. ಈ ಪದವೇ ಯಾಕೆ, ಇದರ ಜಾಗದಲ್ಲಿ ಬೇರೆ ಪದ ಇದ್ದಿದ್ದರೆ ಏನು ಕಳೆದುಹೋಗುತ್ತಿತ್ತು? ಇದು ಹಿಂದಿನ ಅಥವಾ ಮುಂದಿನ ಯಾವ ಮಾತಿಗೆ ತಗಲುತ್ತದೆ? ಹಾಗಾದರೆ ನನ್ನ ಥೀಸಿಸ್‌ಗೆ ಇದರಿಂದ ಏನು ಬಂತು? ಮೂರು ಉತ್ತರಗಳೇ ಆ ಮೂರು ವಾಕ್ಯ.

ಇಂಗ್ಲಿಷಿನಲ್ಲಿ ಬರೆಯಬೇಕಾದದ್ದರ ತಿರುಳು ಹೀಗಿರುತ್ತದೆ: "ಕೊಲೆಯಾದ ಮರುಕ್ಷಣ, ಗಂಡ ಸಮುದ್ರಗಳ ಮಾತಾಡುತ್ತಿರುವಾಗ, ಲೇಡಿ ಮ್ಯಾಕ್‌ಬೆತ್ 'ಎ ಲಿಟಲ್ ವಾಟರ್' ಸಾಕು ಎನ್ನುತ್ತಾಳೆ. 'ಲಿಟಲ್' ಎಂಬ ಪದ ನೀರನ್ನು ಮಾತ್ರ ಅಳೆಯುವುದಿಲ್ಲ, ರಾಜನ ಕೊಲೆಯನ್ನೂ ಪಾತ್ರೆ ತೊಳೆಯುವ ಕೆಲಸದಷ್ಟು ಚಿಕ್ಕದಾಗಿಸುತ್ತದೆ. ಮೂರು ಅಂಕಗಳ ನಂತರ ಅದೇ ಪದ ಅವಳ ಬಾಯಿಗೆ ಮರಳುತ್ತದೆ, ಆದರೆ ಈಗ ಚಿಕ್ಕದಾಗಿರುವುದು ಅವಳ ಕೈ; ಅದರ ಮೇಲಿನ ವಾಸನೆಯ ಎದುರು ಇಡೀ ಅರೇಬಿಯಾದ ಸುಗಂಧ ಸಾಲದು. ಅಪರಾಧವನ್ನು ಕುಗ್ಗಿಸಲು ಬಳಸಿದ ಪದವೇ ಅವಳನ್ನು ಕುಗ್ಗಿಸಿದೆ." ನಾಲ್ಕು ವಾಕ್ಯದಲ್ಲಿ ಕತೆ ಹೇಳಿದ್ದು ಮೊದಲನೆಯದರ ಅರ್ಧ ಮಾತ್ರ. ಆಯ್ಕೆ, ಸಂದರ್ಭ ಅಲ್ಲೇ ಮುಗಿದವು.

ಪದ ಒಂದೇ ಅಲ್ಲ, ರೂಪವೂ ಆಧಾರವೇ. ಲೇಡಿ ಮ್ಯಾಕ್‌ಬೆತ್ ಎರಡನೇ ಅಂಕದಲ್ಲಿ ಆ ಮಾತನ್ನು ಪದ್ಯದಲ್ಲಿ ಆಡುತ್ತಾಳೆ, ನಿದ್ದೆಯಲ್ಲಿ ನಡೆಯುವ ದೃಶ್ಯದಲ್ಲಿ ಅವಳ ಮಾತು ಗದ್ಯ. ಮೂರನೇ ಅಂಕದ ನಾಲ್ಕನೇ ದೃಶ್ಯದ ಔತಣದ ನಂತರ ಅವಳು ರಂಗಕ್ಕೆ ಬರುವುದು ಐದನೇ ಅಂಕದ ಈ ದೃಶ್ಯದಲ್ಲೇ. ನಡುವೆ ಅವಳಿಗೆ ಏನಾಯಿತು ಎಂದು ನಾಟಕ ತೋರಿಸುವುದೇ ಇಲ್ಲ. ಮುರಿದ ಲಯವೊಂದೇ ನಮಗೆ ಸಿಗುವ ಸುಳಿವು. ಇನ್ನೊಂದು ಜೋಡಿ ಇದೆ. ಮೂರನೇ ಅಂಕದ ಎರಡನೇ ದೃಶ್ಯದಲ್ಲಿ ಗಂಡನಿಗೆ ಸಮಾಧಾನವಾಗಿ ಅವಳು ಹೇಳುವ ಮಾತು ನಮ್ಮ "ಆದದ್ದಾಯಿತು". ಐದನೇ ಅಂಕದಲ್ಲಿ ಅದು "ಆದದ್ದನ್ನು ಆಗದಂತೆ ಮಾಡಲಾಗದು" ಎಂದು ತಿರುಗುತ್ತದೆ. ಹೆಚ್ಚುಕಡಿಮೆ ಅವೇ ಪದಗಳು. ಮೊದಲ ಸಲ ಬಿಡುಗಡೆ, ಎರಡನೇ ಸಲ ಬಂಧನ. ಮನೆಯಲ್ಲಿ "ಆದದ್ದಾಯ್ತು ಬಿಡು" ಎಂದು ಕೇಳುತ್ತ ಬೆಳೆದ ಮಗುವಿಗೆ ಈ ವ್ಯತ್ಯಾಸ ಒಂದು ಕ್ಷಣದಲ್ಲಿ ತಟ್ಟುತ್ತದೆ. ಇಂಥ ಜೋಡಿಗಳನ್ನು ಹುಡುಕುವುದು ಈ ತರಗತಿ ಕೊಡುವ ನಿಜವಾದ ಸಂತೋಷ.

ಉದ್ಧರಣೆ ಕೂರಿಸುವಾಗ ಆಗುವ ತಪ್ಪು ಒಂದೇ ಬಗೆಯದು: ಹಿಂದೆಮುಂದೆ ಏನೂ ಇಲ್ಲದೆ ಪೂರ್ತಿ ಸಾಲನ್ನು ಒಂದು ವಾಕ್ಯವಾಗಿ ತಂದು ಇಡುವುದು. ನಿಮ್ಮ ವಾಕ್ಯದ ಹರಿವಿನೊಳಗೆ ಮೂರರಿಂದ ಹತ್ತು ಪದ ಸೇರಿಸಿದರೆ ಸಾಕು. ಗಟ್ಟಿಯಾಗಿ ಓದಿದಾಗ ಎಲ್ಲಿ ನಿಮ್ಮ ಮಾತು ಮುಗಿದು ಷೇಕ್ಸ್‌ಪಿಯರನದು ಶುರುವಾಯಿತು ಎಂದು ವ್ಯಾಕರಣಕ್ಕೆ ಗೊತ್ತಾಗಬಾರದು. ಪ್ಯಾರಾವನ್ನು ಉದ್ಧರಣೆಯಿಂದ ಶುರು ಮಾಡಬೇಡಿ, ಉದ್ಧರಣೆಯಿಂದ ಮುಗಿಸಲೂ ಬೇಡಿ. ಕೊನೆಯ ಮಾತು ಬರೆಯುವವರದ್ದೇ ಆಗಿರಬೇಕು.

"ದಿಸ್ ಕೋಟ್ ಶೋಸ್" ಎಂಬ ನುಡಿಗಟ್ಟನ್ನು ಡ್ರಾಫ್ಟ್‌ನಲ್ಲಿ ಹುಡುಕಿ ತೆಗೆಯಿರಿ. ತೋರಿಸುವುದು ಕೋಟ್ ಅಲ್ಲ. ಪದ, ಚಿತ್ರ, ಲಯ. ಆ ಜಾಗಕ್ಕೆ ಸರಿಯಾದ ಕರ್ತೃ ಬಂದರೆ ಕ್ರಿಯಾಪದವೂ ತಾನಾಗಿ ಚುರುಕಾಗುತ್ತದೆ.

ಆರಂಭ, ಮುಕ್ತಾಯ

ಆರಂಭದ ಪ್ಯಾರಾವನ್ನು ಕೊನೆಗೆ ಬರೆಯಿರಿ. ನಾಲ್ಕೈದು ವಾಕ್ಯ: ವಿಷಯಕ್ಕೆ ನೇರವಾಗಿ ತಗಲುವ ಒಂದು ಗಮನಿಕೆ, ನಾಟಕದ ಮತ್ತು ಲೇಖಕನ ಹೆಸರು, ಒಂದು ಸಾಲಿನ ಹಿನ್ನೆಲೆ, ಕೊನೆಯಲ್ಲಿ ಥೀಸಿಸ್. "ಮಾನವ ಇತಿಹಾಸದ ಆರಂಭದಿಂದಲೂ" ಎಂದು ಶುರು ಮಾಡುವುದು, ನಿಘಂಟಿನ ಅರ್ಥ ಕೊಡುವುದು, ಷೇಕ್ಸ್‌ಪಿಯರನ ಜನ್ಮವರ್ಷ ಹೇಳುವುದು ಎಲ್ಲವೂ ವ್ಯರ್ಥ ಜಾಗ. ಮುಕ್ತಾಯದಲ್ಲಿ ಥೀಸಿಸ್‌ನ ನಕಲು ಬೇಡ. ಪ್ಯಾರಾಗಳು ಸಾಬೀತು ಮಾಡಿದ ಮೇಲೆ ಈಗ ನಾಟಕದ ಯಾವ ಭಾಗ ಬೇರೆಯಾಗಿ ಕಾಣುತ್ತದೆ ಎಂದು ಮೂರು ನಾಲ್ಕು ವಾಕ್ಯ ಸಾಕು. ಉದಾಹರಣೆಗೆ, ಲೇಡಿ ಮ್ಯಾಕ್‌ಬೆತ್ ಸಾವು ರಂಗದ ಮೇಲೆ ನಡೆಯದೆ ಸುದ್ದಿಯಾಗಿ ಮಾತ್ರ ಬರುವುದು.

ಎಂಎಲ್‌ಎ ರೂಪ

ಎಂಎಲ್‌ಎ ಎಂದರೆ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಶನ್; ಪ್ರಬಂಧದ ಪುಟ, ಉದ್ಧರಣೆ ಹೇಗಿರಬೇಕು ಎಂದು ಅದು ಗೊತ್ತುಮಾಡಿದ ಕ್ರಮ ಇದು. ಇದರಲ್ಲಿ ಕಳೆಯುವ ಅಂಕ ಪೂರ್ತಿ ಅನ್ಯಾಯದ ನಷ್ಟ, ಹತ್ತು ನಿಮಿಷದ ಕೆಲಸ. ನಾಲ್ಕು ಬದಿಗೂ 1 ಇಂಚು ಅಂಚು, ಓದಲು ಸುಲಭವಾದ ಅಕ್ಷರ (ಟೈಮ್ಸ್ ನ್ಯೂ ರೋಮನ್ 12 ರೂಢಿ), ಎಲ್ಲ ಕಡೆ ಡಬಲ್ ಸ್ಪೇಸ್. ಮೊದಲ ಪುಟದ ಎಡ ಮೇಲ್ತುದಿಯಲ್ಲಿ ನಾಲ್ಕು ಸಾಲು: ವಿದ್ಯಾರ್ಥಿಯ ಹೆಸರು, ಟೀಚರ್ ಹೆಸರು, ತರಗತಿ, ದಿನಾಂಕ. ದಿನಾಂಕ ಇಲ್ಲಿ ನಮ್ಮ ಕ್ರಮದಲ್ಲೇ, ಮೊದಲು ದಿನ, ಆಮೇಲೆ ತಿಂಗಳು, ವರ್ಷ. ಬಲ ಮೇಲ್ತುದಿಯಲ್ಲಿ ಕೊನೆಯ ಹೆಸರು ಮತ್ತು ಪುಟಸಂಖ್ಯೆ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಕೊನೆಯ ಹೆಸರಾಗಿರುವ ನಮ್ಮ ಮಕ್ಕಳು ಶಾಲೆಯ ದಾಖಲೆಯಲ್ಲಿ ಇರುವುದನ್ನೇ ಎಲ್ಲ ಪ್ರಬಂಧಗಳಲ್ಲೂ ಬಳಸಲಿ.

ನಾಟಕದಿಂದ ಉದ್ಧರಿಸಿದಾಗ ಆವರಣದಲ್ಲಿ ಅಂಕ, ದೃಶ್ಯ, ಸಾಲು, ನಡುವೆ ಚುಕ್ಕೆ. ಪುಟಸಂಖ್ಯೆ ಅಲ್ಲ. ವಾಕ್ಯದ ಪೂರ್ಣವಿರಾಮ ಆವರಣದ ನಂತರ ಬರಬೇಕು, ಉದ್ಧರಣ ಚಿಹ್ನೆಯ ಒಳಗಲ್ಲ. ಪದ್ಯದ ಎರಡು ಮೂರು ಸಾಲನ್ನು ನಿಮ್ಮ ವಾಕ್ಯದೊಳಗೆ ತಂದರೆ ಸಾಲು ಮುರಿಯುವ ಜಾಗದಲ್ಲಿ ಓರೆಗೆರೆ, ಮೂರಕ್ಕಿಂತ ಹೆಚ್ಚು ಸಾಲಾದರೆ ಅರ್ಧ ಇಂಚು ಒಳಸರಿಸಿ ಪ್ರತ್ಯೇಕ ಪ್ಯಾರಾ. ನಿದ್ದೆಯ ದೃಶ್ಯ ಗದ್ಯವಾದ್ದರಿಂದ ಅಲ್ಲಿ ಓರೆಗೆರೆ ಹಾಕಿದರೆ ತಪ್ಪು. ನಾಟಕ, ಕಾದಂಬರಿಯ ಹೆಸರು ಇಟಾಲಿಕ್; ಕವಿತೆ, ಸಣ್ಣಕತೆಯ ಹೆಸರು ಉದ್ಧರಣ ಚಿಹ್ನೆಯೊಳಗೆ. ಕೊನೆಯಲ್ಲಿ ಪ್ರತ್ಯೇಕ ಪುಟದಲ್ಲಿ ವರ್ಕ್ಸ್ ಸೈಟೆಡ್ (ಉದ್ಧರಿಸಿದ ಪುಸ್ತಕಗಳ ಪಟ್ಟಿ), ಒಂದೇ ಪುಸ್ತಕವಿದ್ದರೂ ಸರಿ.

ಕೃತಿಯಲ್ಲಿ ನಡೆಯುವುದನ್ನೆಲ್ಲ ವರ್ತಮಾನ ಕಾಲದಲ್ಲಿ ಬರೆಯಬೇಕು: ಮ್ಯಾಕ್‌ಬೆತ್ ಕೊಲ್ಲುತ್ತಾನೆ, ಕೊಂದನು ಅಲ್ಲ. ನಾಟಕವನ್ನು "ನಾವೆಲ್" ಎಂದು ಬರೆಯುವುದು ಆನರ್ಸ್‌ನಲ್ಲೂ ಆಶ್ಚರ್ಯಪಡುವಷ್ಟು ಸಲ ಆಗುವ ತಪ್ಪು.

ತಿದ್ದುವುದು

ಡ್ರಾಫ್ಟ್ ಮುಗಿದು ತಿದ್ದಲು ಕೂರುವ ನಡುವೆ ಒಂದು ರಾತ್ರಿ ಇರಲಿ. ಆಮೇಲೆ ಮೂರು ಬಣ್ಣ ಹಿಡಿಯಿರಿ. ಪುಸ್ತಕದ ಮಾತಿಗೆ ಹಳದಿ, ಕತೆ ಹೇಳಿದ ವಾಕ್ಯಕ್ಕೆ ಗುಲಾಬಿ, ಸ್ವಂತ ವಿವರಣೆಗೆ ಹಸಿರು. ಪ್ಯಾರಾದಲ್ಲಿ ಹಸಿರು ಅರ್ಧಕ್ಕಿಂತ ಕಡಿಮೆ ಇದ್ದರೆ ಅದನ್ನು ಮತ್ತೆ ಬರೆಯಬೇಕು, ಪದ ಬದಲಿಸಿದರೆ ಸಾಲದು. ಎರಡು ಗುಲಾಬಿ ವಾಕ್ಯ ಒಟ್ಟಿಗೆ ಬಂದರೆ ಒಂದನ್ನು ಅಳಿಸಿ. ಕೊನೆಗೆ ಪೂರ್ತಿ ಗಟ್ಟಿಯಾಗಿ ಓದಿ. ನಾಲಿಗೆ ತೊಡರಿದ ವಾಕ್ಯ ಉದ್ದವಾಗಿದೆ ಎಂದೇ ತಿಳಿಯಿರಿ.

ಅಪ್ಪ ಅಮ್ಮ ಇಲ್ಲಿ ಪೆನ್ನು ಹಿಡಿಯದಿರುವುದು ಮೇಲು. ಒಂದು ಕಾರಣ ನ್ಯಾಯದ್ದು, ಕೆಲಸ ಮಗುವಿನದು. ಇನ್ನೊಂದು, ನಾವು ತಿದ್ದಿದಾಗ ಭಾರತದ ಇಂಗ್ಲಿಷ್ ಒಳಗೆ ಬರುತ್ತದೆ: "ಡಿಸ್ಕಸ್ ಅಬೌಟ್", "ಕೋಪ್ ಅಪ್ ವಿತ್", ಬ್ರಿಟಿಷ್ ಸ್ಪೆಲಿಂಗು. ಸರಿಯಿದ್ದದ್ದು ತಪ್ಪಾಗುತ್ತದೆ. ಅದರ ಬದಲು ಪ್ರಶ್ನೆ ಕೇಳಿ: "ಈ ಪದವೇ ಯಾಕೆ ಅಂತೀಯ?", "ಇದನ್ನು ಒಪ್ಪದವರು ಏನನ್ನಬಹುದು?" ಕನ್ನಡದಲ್ಲೇ ಕೇಳಿ, ಮಗು ಯಾವ ಭಾಷೆಯಲ್ಲಾದರೂ ಉತ್ತರಿಸಲಿ. ಬಾಯಲ್ಲಿ ಬಂದ ಉತ್ತರ ಹೆಚ್ಚಾಗಿ ಕಾಗದದ ಮೇಲಿರುವುದಕ್ಕಿಂತ ಚೆನ್ನಾಗಿರುತ್ತದೆ. ಅದನ್ನೇ ಕೂಡಲೇ ಬರೆದುಕೊಳ್ಳಲು ಹೇಳಿ.

ಎಐ ಸಾಧನಗಳ ಬಗ್ಗೆ ಹಲವು ಟೀಚರುಗಳು ಲಿಖಿತ ನಿಯಮ ಇಟ್ಟಿರುತ್ತಾರೆ, ಕೋರ್ಸಿನ ಸಿಲಬಸ್‌ನಲ್ಲಿ ನೋಡಿ. ಮೊದಲ ಅಕ್ಷರದಿಂದ ಕೊನೆಯವರೆಗೆ ಒಂದೇ ಗೂಗಲ್ ಡಾಕ್‌ನಲ್ಲಿ ಬರೆಯುವುದು ಜಾಣತನ. ಯಾರಾದರೂ ಸಂಶಯಪಟ್ಟರೆ ವರ್ಷನ್ ಹಿಸ್ಟರಿ ತೆರೆದು ಪ್ರಬಂಧ ಹೇಗೆ ಬೆಳೆಯಿತು ಎಂದು ತೋರಿಸಬಹುದು. ಬೇರೆಡೆ ಬರೆದು ಒಮ್ಮೆಲೇ ತಂದು ಅಂಟಿಸಿದರೆ ಪ್ರಾಮಾಣಿಕ ಕೆಲಸಕ್ಕೂ ಸಾಕ್ಷಿ ಉಳಿಯುವುದಿಲ್ಲ.

ತರಗತಿಯಲ್ಲೇ ಕೂತು ಬರೆಯುವ ಪ್ರಬಂಧ

ಸಮಯ ಸಾಮಾನ್ಯವಾಗಿ ಒಂದು ಪೀರಿಯಡ್, 40 ರಿಂದ 45 ನಿಮಿಷ. ಇದರಲ್ಲಿ 8 ನಿಮಿಷ ಪ್ರಶ್ನೆ ಬಿಡಿಸಿ ಥೀಸಿಸ್ ಮತ್ತು ಎರಡು ಪ್ಯಾರಾದ ನಕ್ಷೆ, 28 ನಿಮಿಷ ಬರಹ, ಉಳಿದದ್ದು ತಿದ್ದಲು. ಯೋಚಿಸದೆ ಬರೆಯಲು ತೊಡಗಿದವರು ಮೂರನೇ ಪ್ಯಾರಾದಲ್ಲಿ ತಮ್ಮ ನಿಜವಾದ ಥೀಸಿಸ್ ಕಂಡುಕೊಳ್ಳುತ್ತಾರೆ, ಅಷ್ಟರಲ್ಲಿ ಗಂಟೆ ಬಾರಿಸುತ್ತದೆ. ಇಲ್ಲಿ ಆರಂಭ ಎರಡೇ ವಾಕ್ಯವಾದರೂ ನಡೆಯುತ್ತದೆ. ಆಳವಾದ ಎರಡು ಪ್ಯಾರಾ ತೆಳುವಾದ ಮೂರಕ್ಕಿಂತ ಹೆಚ್ಚು ಅಂಕ ತರುತ್ತವೆ. ಪುಸ್ತಕ ತೆರೆಯಲು ಬಿಡದಿದ್ದರೆ ಮೂರು ನಾಲ್ಕು ಪದದ ಎಂಟು ಉದ್ಧರಣೆ ಬಾಯಿಗೆ ಬರಲಿ. ಉದ್ದ ಸಾಲು ಕಂಠಪಾಠ ಮಾಡುವುದು ಶ್ರಮ ದಂಡ. ಎಪಿ ಇಂಗ್ಲಿಷ್ ಪರೀಕ್ಷೆಗಳು 2025 ರಿಂದ ಕಂಪ್ಯೂಟರಿನಲ್ಲೇ ನಡೆಯುತ್ತಿವೆ, ಆದರೆ ತರಗತಿಯಲ್ಲಿ ಇನ್ನೂ ಕೈಬರಹ ಕೇಳುವ ಟೀಚರುಗಳು ಅನೇಕರು. ವಾರಕ್ಕೊಮ್ಮೆ ಒಂದು ಪ್ಯಾರಾ ಕೈಯಲ್ಲಿ ಬರೆದರೆ ಬೆರಳು ನೋಯುವುದಿಲ್ಲ.

ಪ್ರಬಂಧ ವಾಪಸ್ ಬಂದ ಮೇಲೆ

ಗ್ರೇಡ್ ನೋಡಿ ಮಡಚಿಡುವುದರಿಂದ ಮುಂದಿನ ಪ್ರಬಂಧಕ್ಕೆ ಏನೂ ಸಿಗುವುದಿಲ್ಲ. ಅಂಚಿನ ಸಂಕೇತಗಳನ್ನು ಓದಲು ಕಲಿಯಬೇಕು. "ಆಕ್" ಎಂದರೆ ವಾಕ್ಯ ತೊಡರುತ್ತದೆ. "ಫ್ರ್ಯಾಗ್" ಎಂದರೆ ವಾಕ್ಯ ಪೂರ್ತಿಯಾಗಿಲ್ಲ. "ಆರ್‌ಓ" ಅಥವಾ "ಸಿಎಸ್" ಎಂದರೆ ಎರಡು ವಾಕ್ಯ ಸರಿಯಾದ ಚಿಹ್ನೆಯಿಲ್ಲದೆ ಅಂಟಿಕೊಂಡಿವೆ. "ವೇಗ್" ಎಂದರೆ ಯಾವ ಪದ, ಯಾವ ಸಾಲು ಎಂದು ಹೇಳಿಲ್ಲ. "ಅನ್‌ಪ್ಯಾಕ್" ಎಂದರೆ ಒಳ್ಳೆಯ ಸುದ್ದಿ: ವಿಚಾರ ಗಟ್ಟಿಯಿದೆ, ಇನ್ನೂ ಎರಡು ವಾಕ್ಯ ಬಿಡಿಸಿ ಬರೆಯಬೇಕಿತ್ತು.

ಬಹಳ ಟೀಚರುಗಳು ಮರುಬರಹಕ್ಕೆ ಅವಕಾಶ ಕೊಡುತ್ತಾರೆ, ಆಫೀಸ್ ಅವರ್ಸ್ (ಮಕ್ಕಳು ಬಂದು ಕೇಳಲು ಮೀಸಲಾದ ಸಮಯ) ಇಟ್ಟಿರುತ್ತಾರೆ. ಇಮೇಲ್ ಮಗುವೇ ಬರೆಯಲಿ, ಅಪ್ಪ ಅಮ್ಮ ಅಲ್ಲ. "ಯಾಕೆ ಕಡಿಮೆ ಅಂಕ?" ಎಂದು ಕೇಳಿದರೆ ಟೀಚರ್ ರಕ್ಷಣೆಗೆ ಇಳಿಯುತ್ತಾರೆ. "ಎರಡನೇ ಪ್ಯಾರಾವನ್ನು ಹೀಗೆ ತಿದ್ದಿದ್ದೇನೆ, ವಿವರಣೆ ಈಗ ಥೀಸಿಸ್‌ಗೆ ತಲುಪುತ್ತಿದೆಯೇ?" ಎಂದು ತಿದ್ದಿದ ಪ್ಯಾರಾ ಜೊತೆಗೆ ಹೋದರೆ ಐದು ನಿಮಿಷದಲ್ಲಿ ಖಚಿತವಾದ ಉತ್ತರ ಸಿಗುತ್ತದೆ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮರಳಿ ಮರಳಿ ಬಂದ ಮೂರು ಟೀಕೆಗಳನ್ನು ಬರೆದಿಡಿ. ಮುಂದಿನ ಡ್ರಾಫ್ಟ್‌ನಲ್ಲಿ ಬಣ್ಣ ಹಿಡಿಯುವ ಮೊದಲು ಆ ಪುಟ ತೆರೆಯಿರಿ. ಒಂದು ಟೀಕೆ ಎರಡು ಪ್ರಬಂಧಗಳಲ್ಲಿ ಬರದಿದ್ದರೆ ಅದನ್ನು ಹೊಡೆದುಹಾಕಿ, ಆ ಜಾಗಕ್ಕೆ ಹೊಸದನ್ನು ಬರೆಯಿರಿ.